ಶಿರಗುಪ್ಪಿಯಲ್ಲಿ ಹಚ್ಚಿದ ಪಾಳಿ

ನಲವತ್ತು ಮನೆ ತಿರುಗಿದ ಮೇಲೂ ನನ್ನ ಕೈಯಲ್ಲಿದ್ದ ಫಾರಂ ಖಾಲಿಯೇ ಇತ್ತು. ಚಿಕ್ಕೋಡಿಯ ಸಂಸ್ಥೆಯೊಂದು ಆ ವರ್ಷ ಹೊಸ ಕೆಲಸ ಕೈಗೆತ್ತಿಕೊಂಡಿತ್ತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಶಾಲೆಯ ಮಕ್ಕಳು ಯಾರಿದ್ದಾರೆ ಎಂದು ಹುಡುಕಿ, ಅವರ ಓದು ನಿಲ್ಲದಂತೆ ಏನಾದರೂ ವ್ಯವಸ್ಥೆ ಮಾಡುವುದು. ನನ್ನನ್ನು ಆರಿಸಿದ್ದು ನನ್ನ ಓದು ನೋಡಿ ಅಲ್ಲ. ಹಳೆಯ ಸೀರೆಗೆ ಸ್ಟೀಲಿನ ಭಾಂಡೆ-ಪಾತ್ರೆ ಕೊಡುತ್ತ ರಾಯಬಾಗದಿಂದ ಅಥಣಿಯವರೆಗೆ ಬುಟ್ಟಿ ಹೊತ್ತು ತಿರುಗಿದವಳು ನಾನು. ಈ ಭಾಗದ ಹಿತ್ತಲ ಬಾಗಿಲುಗಳೆಲ್ಲ ನನಗೆ ಗೊತ್ತು ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ಬಾಗಿಲು ತೆರೆಯುತ್ತಿದ್ದವು, ಉತ್ತರ ಸಿಗುತ್ತಿರಲಿಲ್ಲ. ಕಬ್ಬೂರಿನಲ್ಲಿ, ಅನಂತಪುರದಲ್ಲಿ, ಎಲ್ಲ ಕಡೆ ಫಾರಂನಲ್ಲಿದ್ದಂತೆ ಕೇಳಿದೆ: "ನಿಮ್ಮ ಮನ್ಯಾಗ ರೋಗಿ ಸೇವಾ ಮಾಡು ಹುಡುಗ್ರು ಅದಾರೇನ್ರಿ?" ಎಲ್ಲರೂ ಇಲ್ಲ ಅಂದರು. ಒಬ್ಬಾಕೆಯಂತೂ ಸಿಟ್ಟಿಗೇ ಬಂದಳು. "ಸೇವಾ ಮಾಡಾಕ ನಮ್ಮ ಹುಡುಗಿ ಏನ ನರ್ಸ್ ಅದಾಳೇನ? ಮನ್ಯಾಗ ಅದಾಳ, ಅಷ್ಟ." ಅವಳ ಬೆನ್ನ ಹಿಂದೆಯೇ ಆ ಹುಡುಗಿ ಅಜ್ಜನ ಬಾಯಿಗೆ ಗಂಜಿ ಹಾಕುತ್ತಿತ್ತು.

ಆಗ ನನಗೆ ಬುಟ್ಟಿಯ ಕಾಲದ ಬುದ್ಧಿ ಬಂತು. ಹಳೇ ಸೀರೆ ಅದಾವೇನ್ರಿ ಎಂದು ಕೇಳಿದರೆ ಯಾವ ಹೆಂಗಸೂ ಇವೆ ಅನ್ನುವುದಿಲ್ಲ. ಟ್ರಂಕಿನ ತಳದಾಗ ಏನೈತಿ ಎಂದು ಕೇಳಬೇಕು. ಹಾಗೆ ಫಾರಂ ಮಡಚಿ ಚೀಲಕ್ಕೆ ಹಾಕಿ, ಒಂದೇ ಪ್ರಶ್ನೆ ಇಟ್ಟುಕೊಂಡೆ: "ಮನ್ಯಾಗ ಗುಳಿಗಿ ಯಾರ ಕೈಯಾಗ ಅದಾವ?" ಅಂದರೆ ಮಾತ್ರೆಗಳ ಲೆಕ್ಕ ಯಾರಿಗೆ ಗೊತ್ತು ಎಂದು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ. ಸೇವೆ, ಆರೈಕೆ ಎಂಬ ಮಾತು ಬಾಯಲ್ಲಿ ತರಬೇಡಿ. ಗುಳಿಗೆ ಯಾರ ಕೈಯಲ್ಲಿದೆ ಎಂದು ಕೇಳಿ, ಮಗು ತಾನಾಗಿ ಮುಂದೆ ಬಂದು ನಿಲ್ಲುತ್ತದೆ.

ಶಿರಗುಪ್ಪಿಯಲ್ಲಿ ಬುದ್ಧವಿಹಾರದ ಹಿಂದಿನ ಓಣಿಯಲ್ಲಿ ಹಾಗೆ ನಿಂತವನು ಹತ್ತನೆಯ ತರಗತಿಯ ಒಬ್ಬ ಹುಡುಗ. ದೀಪಾವಳಿ ಮುಗಿದು ಎರಡು ದಿನವಾಗಿತ್ತು. ಪ್ರಶ್ನೆ ಕೇಳಿದ್ದು ಅವನ ತಾಯಿಗೆ. ಅವಳು ಹೊರಸಿನ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮೂರು ವರ್ಷದ ಹಿಂದೆ ಕಬ್ಬು ತುಂಬಿದ ಟ್ರಾಲಿಯ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು.

"ಗುಳಿಗಿ ನನ್ನ ಮಗನ ಕೈಯಾಗ ಅದಾವ್ರಿ," ಅಂದಳು. "ಯಾಕ ಕೇಳ್ತೀರಿ?"

ಹುಡುಗ ಮುಂದೆ ಬಂದು, ಪಾಠ ಒಪ್ಪಿಸುವ ಹಾಗೆ ಹೇಳಿದ: "ಮುಂಜಾನಿ ಎರಡು, ರಾತ್ರಿ ಒಂದು. ಮೂತ್ರದ ಚೀಲ ದಿನಾ ಮೂರ ಸಲ ಖಾಲಿ ಮಾಡೂದು. ನಳಿಗಿ ತಿಂಗಳಿಗೊಮ್ಮೆ ದವಾಖಾನಿ ಸಿಸ್ಟರ್ ಬದಲಿ ಮಾಡ್ತಾರ್ರಿ. ಎರಡ ತಾಸಿಗೊಮ್ಮೆ ಮಗ್ಗಲಾ ಹೊಳ್ಳಸ್ಬೇಕು, ಇಲ್ಲಂದ್ರ ಹುಣ್ಣ ಆಗ್ತಾವ."

"ಹುಣ್ಣ ಆಗ್ಯಾವೇನು?"

"ಮೂರ ವರ್ಷದಾಗ ಒಂದೂ ಆಗಿಲ್ರಿ."

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕಾದವನು ಹತ್ತರಿಂದ ನಾಲ್ಕೂವರೆಯವರೆಗೆ ಶಾಲೆಯಲ್ಲಿ ಹೇಗೆ ಕೂಡುತ್ತಾನೆ? ಕೇಳಿದೆ. ಹುಡುಗ ನೆಲ ನೋಡಿದ. ತಾಯಿ ಗಡಬಡಿಸಿ ಅಂದಳು: "ಸಾಲಿ ಬಿಟ್ಟಿಲ್ರಿ ಅಂವ. ನಡನಡಕ ಮನ್ಯಾಗ ಇರ್ತಾನ." ತಂದೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸೀಜನ್ ಶುರುವಾದರೆ ನಸುಕಿನಲ್ಲಿ ಹೋಗಿ ಮಲಗಲು ಮಾತ್ರ ಮನೆಗೆ ಬರುವವನು.

ಮರುದಿನ ಹೆಡ್‌ಮಾಸ್ತರರ ಮುಂದೆ ಹೋಗಿ ಕೂತೆ. ಒಳ್ಳೆಯ ಮನುಷ್ಯರೇ. ಹಾಜರಿ ಪುಸ್ತಕ ತೆಗೆದು ತೋರಿಸಿದರು. ಅಲ್ಲಿಯವರೆಗೆ ನಡೆದ ನೂರಿಪ್ಪತ್ತು ದಿನಗಳಲ್ಲಿ ಹುಡುಗ ಬಂದದ್ದು ಅರವತ್ತೊಂಬತ್ತು ದಿನ. ಕಾರಣದ ಜಾಗದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಮಾತು: ಮನೆಗೆಲಸ.

"ನೂರಕ್ಕ ಎಪ್ಪತ್ತೈದು ಹಾಜರಿ ಇಲ್ಲಂದ್ರ ಪರೀಕ್ಷಾಕ್ಕ ಕೂಡ್ಸಾಕ ಬರೂದಿಲ್ಲ ಬಾಯಾರ," ಅಂದರು. "ಒಂದ ದಾರಿ ಐತಿ. ಹುಡುಗಗ ಕಾಮಣಿ ಆಗಿತ್ತು ಅಂತ ಯಾವುದರ ಡಾಕ್ಟರ ಸರ್ಟಿಫಿಕೇಟ್ ತರ್ರಿ. ಮ್ಯಾಲ ಕಳಸ್ತೀನಿ. ರೋಗದ ಮ್ಯಾಲ ಸವಲತ್ತು ಐತಿ."

ಅಂಥ ಕಾಗದ ಬರೆದುಕೊಡುವವರು ನನಗೆ ಗೊತ್ತಿದ್ದರು. ನಿಜ ಹೇಳುತ್ತೇನೆ, ಅರ್ಧ ದಾರಿಯವರೆಗೆ ಅದೇ ಸುಲಭ ಅನ್ನಿಸಿತು. ಸಂಜೆ ತಾಯಿಗೆ ಹೇಳಿದಾಗ ಅವಳು ಮೊಣಕೈ ಊರಿ ಎದ್ದು ಕೂಡಲು ಹವಣಿಸಿದಳು.

"ನನ್ನ ಮಗನ ಹೆಸರಿಗಿ ರೋಗ ಬರಸಬ್ಯಾಡ್ರಿ ಅಕ್ಕಾರ. ಈ ಮನ್ಯಾಗ ಒಂದ ರೋಗ ಸಾಕು."

"ಕಾಗದದ ಮ್ಯಾಲ ಅಷ್ಟ ಬರ್ಯೂದವಾ. ಖರೇ ರೋಗ ಬರೂದಿಲ್ಲ."

"ಕಾಗದದ ಮ್ಯಾಲೂ ಬ್ಯಾಡ. ಅಂವ ಗಟ್ಟಿ ಅದಾನಂತ ನಾ ಜೀವಂತ ಅದೀನಿ. ಅಂವಗೂ ರೋಗ ಐತಿ ಅಂತ ಬರದ್ರ ನಾ ಯಾರನ್ನ ನೋಡ್ಲಿ?"

ಸುಳ್ಳು ಕಾಗದದ ವಿಚಾರ ಅಲ್ಲಿಗೇ ಮುಗಿಯಿತು. ಮತ್ತೆ ಹೆಡ್‌ಮಾಸ್ತರರ ಬಳಿಗೆ ಹೋಗಿ ಇನ್ನೊಂದು ಲೆಕ್ಕ ಹಾಕಿಸಿದೆ. ವರ್ಷಕ್ಕೆ ಇನ್ನೂರಿಪ್ಪತ್ತು ದಿನ. ನೂರಾ ಅರವತ್ತೈದು ದಿನ ಹಾಜರಿ ಬೇಕು. ಉಳಿದದ್ದು ನೂರು ದಿನ, ಅದರಲ್ಲಿ ತೊಂಬತ್ತಾರು ದಿನ ಬರಲೇಬೇಕು. ಅಂದರೆ ಪರೀಕ್ಷೆಯವರೆಗೆ ಹುಡುಗನ ಕೈಯಲ್ಲಿ ತಪ್ಪಿಸಬಹುದಾದ ದಿನ ನಾಲ್ಕೇ ನಾಲ್ಕು.

"ನಾಕ ದಿನ," ಅಂದರು ಮಾಸ್ತರರು. "ಇಷ್ಟು ವರ್ಷದಾಗ ನಾನೂ ಇಷ್ಟು ಹಾಜರಿ ಇಟ್ಟಿಲ್ರಿ."

"ಇಟ್ಟ ತೋರಸ್ತೀವಿ. ಆದ್ರ ನೀವೂ ಏನರ ಬಿಡಬೇಕ್ರಿ ಸರ. ತಾಯಿನ್ನ ಒಬ್ರ ಕೈಯಾಗ ಒಪ್ಸಿ ಬರ್ಬೇಕಂದ್ರ ಗಂಟಿ ಹೊಡ್ಯೂದ್ರಾಗ ಆಗೂದಿಲ್ಲ. ಇಪ್ಪತ್ತ ಮಿನಿಟ ತಡಾ ಮಾಡಿದ್ರ ಹಾಜರಿ ಹಾಕ್ರಿ."

"ಐದು ಮಿನಿಟ."

"ಹದಿನೈದು."

ಕೊನೆಗೆ ಪ್ರಾರ್ಥನೆ ಮುಗಿಯುವತನಕ ಎಂದು ಒಪ್ಪಿದರು. ಅದು ಹತ್ತು ಮಿನಿಟಾದರೂ ಆಗುತ್ತದೆ, ರಾಷ್ಟ್ರಗೀತೆಯ ನಂತರ ಮಾಸ್ತರರ ಭಾಷಣವಿದ್ದರೆ ಹದಿನೈದೂ ಆಗುತ್ತದೆ. ಚೌಕಾಸಿಯಲ್ಲಿ ಸಂಖ್ಯೆಗಿಂತ ಇಂಥ ಅಳತೆ ಮೇಲು. ಎದುರಿನವರಿಗೆ ಕೊಟ್ಟೆವು ಅನ್ನಿಸುವುದಿಲ್ಲ, ನಮಗೆ ಸಿಕ್ಕಿರುತ್ತದೆ.

ನಾನು ಮಾಡಿದ ಮೊದಲ ವ್ಯವಸ್ಥೆ ಕೆಟ್ಟದ್ದು. ಓಣಿಯ ಹೆಣ್ಣುಮಕ್ಕಳನ್ನು ವಿಹಾರದ ಕಟ್ಟೆಗೆ ಕೂಡಿಸಿ, ಹುಡುಗನ ಸ್ಥಿತಿ ಹೇಳಿ, "ಸ್ವಲ್ಪ ನೋಡ್ಕೋರಿ" ಅಂದೆ. ಎಲ್ಲರ ಕಣ್ಣಲ್ಲೂ ನೀರು. "ನೋಡ್ಕೋತೀವಿ ತಗೋರಿ, ಅದೇನ ದೊಡ್ಡ ಮಾತ್ರಿ," ಅಂದರು. ಮೊದಲ ವಾರ ಒಂದೊಂದು ದಿನ ಮೂರು ಮೂರು ಜನ ಬಂದು ಹೊರಸಿನ ಸುತ್ತ ಕೂತರು. ಎರಡನೆಯ ವಾರ ಕಬ್ಬು ಕಡಿಯುವ ಕೆಲಸ ಜೋರಾಯಿತು. ಬುಧವಾರ ಯಾರೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಇನ್ನೊಬ್ಬಳು ಹೋಗಿರುತ್ತಾಳೆ ಎಂದು ಪ್ರತಿಯೊಬ್ಬಳೂ ತಿಳಿದಿದ್ದಳು. ಎರಡು ದಿನ ಹೋದವು. ಉಳಿದದ್ದು ಎರಡು.

ಇದರಲ್ಲಿ ಅವರ ತಪ್ಪು ಹುಡುಕಬಾರದು. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲದಂತೆ ಮಾಡಿದ್ದು ನಾನು. ಜೊತೆಗೆ ಆ ತಾಯಿಗೂ ಅದು ಬೇಡವಾಗಿತ್ತು. ಶನಿವಾರ ನನ್ನ ಮುಂದೆ ಮಾತಾಡಿದಳು. "ಬಂದವ್ರ ಮುಂದ ನೀರ ಸೈತ ಕೇಳೂದಿಲ್ರಿ ನಾ. ಪುಕ್ಕಟೆ ಎಷ್ಟಂತ ಕೇಳ್ಲಿ? ನಾ ಅವ್ರ ಮನಿಗಿ ಹೋಗಿ ಏನ ಮಾಡಿಕೊಡಾಕ ಬರ್ತೈತಿ?"

ಅದೇ ಮಧ್ಯಾಹ್ನ ಓಣಿಯ ಹಿರಿಯ ಅಜ್ಜಿಯೊಬ್ಬಳ ಮನೆಯ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದೆ. ಅವಳ ಮಕ್ಕಳಿಬ್ಬರೂ ತೋಟದವರ ಹೊಲಕ್ಕೆ ನೀರು ಹಾಯಿಸುವ ಕೆಲಸದವರು. ಸಣ್ಣ ಮಗ ಯಾಕೆ ಕಾಣುವುದಿಲ್ಲ, ಇವತ್ತು ಸೋದರಮಾವನ ಮನೆಯಲ್ಲಿ ಲಗ್ನವಲ್ಲವೇ ಎಂದು ಕೇಳಿದೆ.

"ಹೆಂಗ ಹೋಗ್ತಾನವಾ? ನೀರಿನ ಪಾಳಿ ಐತಿ ಇವತ್ತ," ಅಂದಳು ಅಜ್ಜಿ.

"ಸೋದರಮಾವನ ಮನಿ ಲಗ್ನಾ ಬಿಟ್ಟೇನು?"

"ಲಗ್ನಾ ಬಿಡಬಹುದು. ಪಾಳಿ ಬಿಡಾಕ ಬರ್ತೈತೇನು? ಬದಲಿ ಸಿಕ್ರ ಹೋಗ್ತಿದ್ದ. ಸಿಗಲಿಲ್ಲ, ಕುಂತಾನ."

ಆ ಮಾತು ಕಿವಿಗೆ ಬಿದ್ದದ್ದೇ ನನಗೆ ದಾರಿ ಕಂಡಿತು. ಹೊಳೆಯಿಂದ ಒಂದೇ ಪೈಪಿನಲ್ಲಿ ಬರುವ ನೀರಿಗೆ ಏಳೆಂಟು ಹೊಲದವರು. ಒಬ್ಬೊಬ್ಬರಿಗೆ ಒಂದೊಂದು ದಿನ. ಆ ದಿನ ನಿನ್ನದು ಅಂದರೆ ನಿನ್ನದೇ. ಆಗದಿದ್ದರೆ ಬದಲಿ ಹುಡುಕುವ ಹೊಣೆಯೂ ನಿನ್ನದೇ. ಇಲ್ಲಿ ಪಾಳಿಯನ್ನು ಯಾರೂ ದಾನ ಕೊಡುವುದಿಲ್ಲ, ದಾನ ಕೇಳುವುದೂ ಇಲ್ಲ. ಬದಲಿ ಮಾಡಿಕೊಳ್ಳುತ್ತಾರೆ, ಅಷ್ಟೇ. ನಾನು ನೋಡ್ಕೋರಿ ಅಂದಿದ್ದೆ, ಪಾಳಿ ಅನ್ನಬೇಕಾಗಿತ್ತು.

ಆದರೆ ಪಾಳಿ ಬಂದವನಿಗೆ ನೀರಾದರೂ ಸಿಗುತ್ತದೆ. ಇಲ್ಲಿ ಏನು ಸಿಗಬೇಕು? ತಾಯಿಯ ಹತ್ತಿರ ವಾಪಸು ಹೋದೆ. ಅವಳ ಕೆಳಗೆ ಹಾಸಿದ್ದ, ಹಳೇ ಸೀರೆ ಸೇರಿಸಿ ಹೊಲಿದ ಕೌದಿಯ ಅಂಚು ಹಿಡಿದು ನೋಡಿದೆ. ಹತ್ತಾರು ವರ್ಷ ಹಳೆಯ ಸೀರೆ ಕೈಯಲ್ಲಿ ಹಿಡಿದವಳಿಗೆ ಹೊಲಿಗೆಯ ಬೆಲೆ ಗೊತ್ತಾಗುತ್ತದೆ. ಅಕ್ಕಿ ಕಾಳಿನಷ್ಟು ಸಣ್ಣ, ಒಂದೇ ಅಳತೆಯ ಟಾಕು.

"ಇದನ್ನ ಯಾರ ಹೊಲದಾರ?"

"ನಾನ ರಿ. ಬೀಳೂಕಿಂತ ಮದ್ಲ."

"ಈಗ ಕೈ ಬರೋಬರಿ ಅದಾವಲ್ಲ?"

"ಕೈಗಿ ಏನಾಗೈತಿ?" ಅಂದಳು, ಅವಮಾನ ಮಾಡಿದೆನೋ ಎಂಬಂತೆ.

ಆರು ದಿನಕ್ಕೆ ಆರು ಹೆಂಗಸರು. ಕಬ್ಬಿಗೆ ಹೋಗದವರನ್ನೇ ಆರಿಸಿದೆ: ಹೆಚ್ಚಿನವರು ಸೊಸೆಯರನ್ನು ಹೊಲಕ್ಕೆ ಕಳಿಸಿ ಮನೆಯಲ್ಲಿರುವ ಹಿರಿಯರು, ಜೊತೆಗೆ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬ ಹೆಣ್ಣುಮಗಳು. ಗಿರಣಿಗೆ ಬೆಳಿಗ್ಗೆ ಸಂಜೆ ಮಾತ್ರ ಗಿರಾಕಿ. ಕರಾರು ಹೀಗೆ: ಪ್ರತಿಯೊಬ್ಬಳೂ ತನ್ನ ಹಳೇ ಸೀರೆ ತಂದು ಕೊಡಬೇಕು. ಯಾರ ಪಾಳಿಯೋ ಆ ದಿನ ತಾಯಿ ಅವಳ ಕೌದಿಗೆ ಟಾಕು ಹಾಕುತ್ತಾಳೆ. ಪಾಳಿ ತಪ್ಪಿದರೆ ಕೌದಿ ನಿಲ್ಲುತ್ತದೆ. ಬದಲಿ ಕಳಿಸಿದರೆ ಬಂದವಳ ಕೌದಿ ಮುಂದೆ ಹೋಗುತ್ತದೆ.

ಗಿರಣಿಯಾಕೆ ನಕ್ಕಳು. "ಭಾಂಡೆ ಅಕ್ಕಾರ, ನೀವು ಬುಟ್ಟಿ ಬಿಟ್ಟೀರಿ ಖರೆ, ಬುದ್ಧಿ ಬಿಟ್ಟಿಲ್ಲ."

"ಬುದ್ಧಿ ಬಿಟ್ರ ನಿನ್ನಂಥಾಕಿ ಕೈಯಾಗ ಸಿಗ್ತೀನಲ್ಲ," ಅಂದೆ.

ಇನ್ನೊಂದು ಕೆಲಸ ಉಳಿದಿತ್ತು: ಕಲಿಸುವುದು. ದವಾಖಾನೆಯ ಸಿಸ್ಟರನ್ನು ಕರೆಸಬೇಕು ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದೆ, ಮೂರು ವರ್ಷ ಒಂದೂ ಹುಣ್ಣಾಗದಂತೆ ನೋಡಿಕೊಂಡವನಿಗಿಂತ ಬೇರೆ ಮಾಸ್ತರ ಯಾಕೆ? ಹುಡುಗ ಮೊದಲು ಒಲ್ಲೆ ಅಂದ. ತಾನು ಅವ್ವನ ಸೀರೆ ಬದಲಿಸುತ್ತೇನೆ, ಜಡೆ ಹಾಕುತ್ತೇನೆ ಎಂಬುದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ, ಈಗ ಊರಿಗೆಲ್ಲ ಗೊತ್ತಾಗುತ್ತದೆ ಎಂದು.

"ಗೊತ್ತಾದ್ರ ಏನಾಗ್ತೈತಿ?" ಕೇಳಿದೆ.

"ನಗ್ತಾರ್ರಿ."

"ನಗಲಿ. ನಕ್ಕಾಕಿಗೆ ಮದ್ಲ ಮಗ್ಗಲಾ ಹೊಳ್ಳಸಾಕ ಹಚ್ಚು. ಆಮ್ಯಾಲ ನಗ್ತಾಳೋ ನೋಡೂಣು."

ಭಾನುವಾರ ಆರು ಜನರೂ ಬಂದರು. ಹುಡುಗ ಮಡಚಿದ ಒಂದು ಹಳೆಯ ಸೀರೆಯನ್ನು ತಾಯಿಯ ಸೊಂಟದಿಂದ ಹೆಗಲವರೆಗೆ ಕೆಳಗೆ ಹಾಕಿಟ್ಟಿದ್ದ. ಎಳೆಯುವಾಗ ಮೈ ಮುಟ್ಟಬಾರದು, ಸೀರೆಯ ಅಂಚು ಮುಷ್ಟಿಯಲ್ಲಿ ಹಿಡಿದು ತನ್ನ ಕಡೆ ಉರುಳಿಸಿಕೊಳ್ಳಬೇಕು. ಚರ್ಮಕ್ಕೆ ಘರ್ಷಣೆ ಆಗುವುದಿಲ್ಲ, ಎಂಥವಳಿಗೂ ಭಾರ ಅನ್ನಿಸುವುದಿಲ್ಲ. ಮೊಣಕಾಲುಗಳ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೆ ಸುತ್ತಿದ ಬಟ್ಟೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ಮಾತ್ರ ತಾಗಬಾರದು. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧ ಸಿಸ್ಟರನ್ನು ನೋಡಿ ಕಲಿತದ್ದು, ಅರ್ಧ ತಾನೇ ಕಂಡುಕೊಂಡದ್ದು.

ಹಿರಿಯಜ್ಜಿ ಎರಡು ಸಲ ತಪ್ಪಿದಳು. ಹುಡುಗ ಸಮಾಧಾನದಿಂದ ಹೇಳಿದ: "ಕೈ ಅಲ್ಲ ಆಯಿ, ಸೀರಿ ಹಿಡಿ. ಅವ್ವನ್ನ ಜಗ್ಗಬ್ಯಾಡ, ಸೀರಿ ಜಗ್ಗು."

"ಆತಪಾ ಡಾಕ್ಟರಾ," ಅಂದಳು ಅಜ್ಜಿ. ಎಲ್ಲರೂ ನಕ್ಕರು. ಆ ನಗೆಯಲ್ಲಿ ಅವನು ಹೆದರಿದ್ದು ಏನೂ ಇರಲಿಲ್ಲ. ಅವನೂ ನಕ್ಕ. ಅಲ್ಲಿಯತನಕ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮೊದಲ ವಾರ ಗಡಿಯಾರದ ಹಾಗೆ ನಡೆಯಿತು. ಎರಡನೆಯ ವಾರದ ಸೋಮವಾರ ನಾನು ರಾಯಬಾಗದಲ್ಲಿದ್ದಾಗ ಹುಡುಗನ ಮಿಸ್ಡ್ ಕಾಲ್ ಬಂತು. ತಿರುಗಿ ಮಾಡಿದರೆ ದನಿ ಸಣ್ಣದಾಗಿತ್ತು. "ಯಾರೂ ಬಂದಿಲ್ರಿ. ಪ್ರಾರ್ಥನೆ ಮುಗೀತು."

ಮೂರನೆಯ ದಿನವೂ ಹೋಯಿತು. ಉಳಿದದ್ದು ಒಂದು.

ಸಂಜೆ ಸಿಕ್ಕ ಬಸ್ಸು ಹಿಡಿದು ಜಗಳಕ್ಕೆಂದೇ ಹೋದೆ. ಸೋಮವಾರದ ಪಾಳಿ ಹಿರಿಯಜ್ಜಿಯದು. ಅವಳು ಕಟ್ಟೆಯ ಮೇಲೆ ನಿಶ್ಚಿಂತೆಯಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಯಾಕ ಹೋಗಲಿಲ್ಲ ಆಯಿ?"

"ನಂದ ನಾಳಿ ಐತೆಲ್ಲವಾ."

"ಸೋಮವಾರ ನಿಂದ. ಬರದ ಕೊಟ್ಟೀನಿ."

"ಅದು ಹ್ವಾದ ವಾರ," ಅಂದಳು, ನನಗೆ ಏನೂ ತಿಳಿಯದು ಎಂಬಂತೆ ನೋಡಿ. "ಪಾಳಿ ಅಂದ ಮ್ಯಾಲ ವಾರಕ್ಕೊಮ್ಮೆ ಒಂದ ದಿನ ಸರೀಬೇಕಲ್ಲ. ಈ ವಾರ ನಂದ ಮಂಗಳವಾರ. ಸೋಮವಾರ ಗಿರಣ್ಯಾಕಿದು."

ಗಿರಣಿಯಾಕೆಯ ಬಳಿ ಓಡಿದೆ. ಅವಳಿಗೆ ಹೊಲವೂ ಇಲ್ಲ, ನೀರೂ ಇಲ್ಲ. "ನನಗ ಶನಿವಾರ ಅಂತ ಹೇಳೀರಿ, ಶನಿವಾರ ಬರ್ತೀನಿ. ಇದ್ಯಾವ ಸರ್ಯೂದು?" ಅಂದಳು.

ಆಮೇಲೆ ಅಜ್ಜಿಯ ಮಗ ಬಿಡಿಸಿ ಹೇಳಿದ. ಪಂಪಿಗೆ ಕರೆಂಟು ಒಂದು ವಾರ ಹಗಲು ಕೊಟ್ಟರೆ ಒಂದು ವಾರ ರಾತ್ರಿ. ಕೆಟ್ಟ ಹೊತ್ತು ಯಾವಾಗಲೂ ಒಬ್ಬನ ತಲೆಗೇ ಬೀಳಬಾರದು ಎಂದು ನೀರಿನ ಪಾಳಿ ಇಲ್ಲಿ ಕೂತಲ್ಲಿ ಕೂಡುವುದಿಲ್ಲ, ಸರಿಯುತ್ತ ಹೋಗುತ್ತದೆ. ನಾನು ಅವರ ಮಾತನ್ನು ತೆಗೆದುಕೊಂಡೆ, ಮಾತಿನೊಳಗಿದ್ದ ನಿಯಮ ಕೇಳಲಿಲ್ಲ. ಐದು ಜನ ಸರಿಸಿದ್ದರು, ಒಬ್ಬಳು ಸರಿಸಿರಲಿಲ್ಲ. ಆ ಒಂದು ತೂತಿನಲ್ಲಿ ಒಂದು ದಿನ ಸೋರಿ ಹೋಗಿತ್ತು.

ನಾನು ಬಯ್ಯಲಿಕ್ಕೆ ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಯಾಕೆಂದರೆ ಮೊದಲ ವಾರವೇ ಶನಿವಾರದ ಬಗ್ಗೆ ತಕರಾರು ಎದ್ದಿತ್ತು. ಶನಿವಾರ ಶಾಲೆ ಮುಂಜಾನೆ ಮಾತ್ರ. "ಅಕಿಗಿ ಅರ್ಧಾ ದಿನದ ಕೆಲಸ" ಎಂದು ಉಳಿದವರಿಗೆ ಹೊಟ್ಟೆಕಿಚ್ಚು. "ನನ್ನ ಕೌದಿಗಿ ಅರ್ಧಾ ದಿನದ ಟಾಕು" ಎಂದು ಗಿರಣಿಯಾಕೆಗೆ ಸಿಟ್ಟು. ಪಾಳಿ ಸರಿದರೆ ಶನಿವಾರ ಎಲ್ಲರಿಗೂ ಬರುತ್ತದೆ, ಜಗಳಕ್ಕೆ ಜಾಗವೇ ಇರುವುದಿಲ್ಲ. ಅವರು ಮಾಡಿದ ತಪ್ಪೇ ನನ್ನ ಪಟ್ಟಿಗಿಂತ ಚೆನ್ನಾಗಿತ್ತು. ಮಂಗಳವಾರ ಅಜ್ಜಿಯೇ ಹೋದಳು. ಆ ದಿನದಿಂದ ಪಾಳಿ ಸರಿಯತೊಡಗಿತು. ಹುಡುಗ ಕ್ಯಾಲೆಂಡರಿನ ಒಂದೊಂದು ಚೌಕಕ್ಕೂ ಹೆಸರು ಬರೆದು ಹೊರಸಿನ ಎದುರಿನ ಗೋಡೆಗೆ ತೂಗುಹಾಕಿದ. ತಾಯಿ ಮಲಗಿದಲ್ಲಿಂದಲೇ ನಾಳೆ ಯಾರು ಎಂದು ಓದಿ ಹೇಳುತ್ತಿದ್ದಳು.

ಡಿಸೆಂಬರ್ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ತಾಯಿ ಈಗ ನೀರು ಕೇಳುತ್ತಿದ್ದಳು, ಚಹಾ ಕೇಳುತ್ತಿದ್ದಳು, ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಅದನ್ನೂ ಹೇಳುತ್ತಿದ್ದಳು.

ಸಂಕ್ರಾಂತಿ ಆದ ಮೇಲೆ ಒಂದು ಬುಧವಾರ ಮಧ್ಯಾಹ್ನ ಗಿರಣಿಯಾಕೆಯ ಫೋನು ಬಂತು. ಅವಳದೇ ಪಾಳಿ. "ಚೀಲದಾಗಿನ ಮೂತ್ರ ರಾಡಿ ಆಗೈತ್ರಿ. ಮೈ ಸುಡಾಕತ್ತೈತಿ, ನಡಗಾಕತ್ತಾಳ. ಹುಡುಗನ್ನ ಸಾಲ್ಯಾಗಿಂದ ಕರೀಲೇನು?"

ಹಾಜರಿ ದಿನಕ್ಕೆ ಎರಡು ಸಲ, ಮುಂಜಾನೆಗೊಂದು, ಮಧ್ಯಾಹ್ನಕ್ಕೊಂದು. ಈಗ ಎಬ್ಬಿಸಿದರೆ ಅರ್ಧ ದಿನ ಹೋಗುತ್ತದೆ. ಉಳಿದಿರುವುದೇ ಒಂದು ದಿನ, ಮುಂದೆ ಎರಡು ತಿಂಗಳು. ನನ್ನ ತಲೆ ಸರಸರ ಲೆಕ್ಕ ಹಾಕಿತು. "ಕರೀಬ್ಯಾಡ. ಜೀಪ್ ಮಾಡ್ಕೊಂಡ ಮಿರಜಿಗಿ ನಡೀರಿ. ನಾ ಅಲ್ಲೇ ಬರ್ತೀನಿ. ನಾಕೂವರಿಗಿ ಅಂವಗ ತಿಳೀತೈತಿ," ಅಂದೆ.

ಗಿರಣಿಯಾಕೆ, ಅಜ್ಜಿ ಇಬ್ಬರೂ ಸೇರಿ ಸರಿಯಾಗಿ ಕರೆದುಕೊಂಡು ಹೋದರು. ಆಸ್ಪತ್ರೆಯವರು ಮೂತ್ರದ ಸೋಂಕು ಎಂದು ಕೂಡಲೇ ಸಲೈನು ಹಚ್ಚಿದರು, ನಳಿಕೆ ಬದಲಿಸಿದರು. ವೇಳೆಗೆ ತಂದಿದ್ದೀರಿ ಎಂದರು. ನನ್ನ ಲೆಕ್ಕ ಬರೋಬರಿ ಆಯಿತು ಅಂದುಕೊಂಡೆ.

ಹುಡುಗ ಶಾಲೆಯಿಂದ ಬಂದಾಗ ಬಾಗಿಲಿಗೆ ಚಿಲಕ. ಒಳಗೆ ಹೊರಸು ಖಾಲಿ. ಅದನ್ನು ನೋಡಿ ಅವನು ಏನು ತಿಳಿದಿರಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಪಕ್ಕದ ಮನೆಯವರು ಮಿರಜಿಗೆ ಹೋಗ್ಯಾರ ಎಂದು ಹೇಳುವತನಕ ಅಂಗಳದಲ್ಲಿ ನಿಂತೇ ಇದ್ದನಂತೆ. ಕತ್ತಲಾಗುವ ಹೊತ್ತಿಗೆ ಆಸ್ಪತ್ರೆಗೆ ಬಂದ, ಶಾಲೆಯ ಚೀಲ ಹೆಗಲಲ್ಲೇ ಇತ್ತು. ಮೊದಲು ತಾಯಿಯ ಹಿಮ್ಮಡಿ ನೋಡಿದ, ಚೀಲ ಎಲ್ಲಿ ತೂಗುಬಿಟ್ಟಿದ್ದಾರೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನನಗ ಯಾಕ ಹೇಳ್ಲಿಲ್ರಿ?"

"ನಿನ್ನ ಹಾಜರಿ ಹೋಗ್ತಿತ್ತಪಾ."

"ಹಾಜರಿ ನಿಮಗ ಬೇಕಾಗಿತ್ತು. ನನಗ ನಮ್ಮವ್ವ ಬೇಕಾಗಿದ್ಲು."

ಮೂರು ವರ್ಷ ತಾಯಿಯನ್ನು ಹೊತ್ತವನು ಅವನು. ಅವನ ಹೆಗಲು ಹಗುರ ಮಾಡಲು ಬಂದವಳು ನಾನು, ಅವನ ಅಧಿಕಾರವನ್ನೇ ಕಿತ್ತುಕೊಂಡಿದ್ದೆ. "ತಪ್ಪಾತು," ಅಂದೆ. ಅವನು ಮುಖ ತಿರುಗಿಸಿಕೊಂಡ. ಈ ಕೆಲಸ ಮಾಡುವವರು ಬರೆದಿಟ್ಟುಕೊಳ್ಳಿ: ಮನೆಯಲ್ಲಿ ಏನೇ ಆಗಲಿ, ಮೊದಲ ಸುದ್ದಿ ಆ ಮಗುವಿಗೆ. ಶಾಲೆಯಲ್ಲಿ ಉಳಿಯಬೇಕೋ ಬೇಡವೋ ಎಂಬುದನ್ನು ಆಮೇಲೆ ಅದರ ಜೊತೆಗೇ ಕೂತು ಲೆಕ್ಕ ಹಾಕಬೇಕು.

ಮರುದಿನ ಅವನು ಶಾಲೆಗೆ ಹೋಗಲಿಲ್ಲ. ಯಾರೂ ಹೋಗು ಅನ್ನಲಿಲ್ಲ. ತಾಯಿಯ ಪಕ್ಕದಲ್ಲೇ ಕೂತಿದ್ದ. ಕೊನೆಯ ದಿನವೂ ಹೀಗೆ ಖರ್ಚಾಯಿತು.

ಆಸ್ಪತ್ರೆಯವರು ಇನ್ನೂ ನಾಲ್ಕು ದಿನ ಇರಬೇಕು ಅಂದರು. ಆ ಸಂಜೆ ಲೆಕ್ಕ ಹಾಕಿದ್ದು ನಾನಲ್ಲ. ಗಿರಣಿಯಾಕೆಯೇ ಹುಡುಗನ ಮುಂದೆ ಕೂತು ಕೇಳಿದಳು: "ನೀ ಹೇಳಪಾ. ಪಾಳಿ ಇಲ್ಲಿಗೆ ತರೂಣೇನು?"

ಅವನು ತಾಯಿಯ ಹಣೆ ಮುಟ್ಟಿ ನೋಡಿದ. "ಆದ್ರ ಮಧ್ಯಾಹ್ನ ಸೂಟಿಗೊಮ್ಮೆ ಮಾಸ್ತರ ಫೋನಿಗಿ ಹಚ್ಚಿ ಹೆಂಗದಾಳ ಹೇಳ್ಬೇಕು."

"ಹೇಳ್ತೀವಿ."

"ಜ್ವರಾ ಎಷ್ಟೈತಿ ಅದೂ ಹೇಳ್ಬೇಕು. ಬರೇ ಆರಾಮ ಅದಾಳ ಅನ್ನಬಾರ್ದು."

"ಬರದ್ಕೊಂಡ ಹೇಳ್ತೀವಿ, ಆತಲ್ಲ?"

ಹೀಗೆ ಪಾಳಿ ಮಿರಜಿಗೆ ಸರಿಯಿತು. ಮುಂಜಾನೆಯ ಬಸ್ಸಿಗೆ ಒಬ್ಬಳು ಬುತ್ತಿ ಕಟ್ಟಿಕೊಂಡು ಬರುವುದು, ಸಂಜೆ ಹುಡುಗ ಬಂದ ಮೇಲೆ ವಾಪಸು ಹೋಗುವುದು. ಹೆಡ್‌ಮಾಸ್ತರರು ತಮ್ಮ ಫೋನನ್ನು ಊಟದ ಹೊತ್ತಿಗೆ ಹುಡುಗನ ಕೈಗೆ ಕೊಡುತ್ತಿದ್ದರು. ಅದಕ್ಕೆ ನಾನು ಚೌಕಾಸಿ ಮಾಡಬೇಕಾಗಲಿಲ್ಲ. ನಾಲ್ಕನೆಯ ದಿನ ತಾಯಿ ಊರಿಗೆ ಬಂದಳು.

ಆಮೇಲಿನ ದಿನಗಳಲ್ಲಿ ಒಂದೂ ತಪ್ಪುವಂತಿರಲಿಲ್ಲ. ಫೆಬ್ರವರಿಯಲ್ಲಿ ಹುಡುಗನಿಗೆ ಕಣ್ಣು ಬಂದವು, ಎರಡೂ ಕೆಂಪಾಗಿ ಬಾತು ಹೋದವು. ಹೆಡ್‌ಮಾಸ್ತರರು ಮನೆಗೆ ಕಳಿಸಲಿಲ್ಲ. ತಮ್ಮ ಕೋಣೆಯಲ್ಲಿ ಒಂದು ಸ್ಟೂಲು ಹಾಕಿ ಕೂಡಿಸಿ, "ನನ್ನ ಕಡೆ ನೋಡಬ್ಯಾಡ, ಗ್ವಾಡಿ ಕಡೆ ನೋಡಿ ಓದು," ಅಂದರಂತೆ. ಮೂರು ದಿನ ಹಾಗೆ ಗೋಡೆಗೆ ಇತಿಹಾಸ ಓದಿ ಹೇಳಿ ಹಾಜರಿ ಉಳಿಸಿಕೊಂಡ.

ಮಾರ್ಚಿನಲ್ಲಿ ಕೊನೆಯ ದಿನ ಮಾಸ್ತರರು ನನ್ನನ್ನು ಎದುರಿಗೆ ಕೂಡಿಸಿಕೊಂಡು ಪುಸ್ತಕ ಎಣಿಸಿದರು. ಒಮ್ಮೆ ಎಣಿಸಿ, ಕನ್ನಡಕ ಒರೆಸಿ ಇನ್ನೊಮ್ಮೆ ಎಣಿಸಿದರು. ನೂರಾ ಅರವತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅವರು ಸಹಿ ಮಾಡಿ ಪೆನ್ನಿಗೆ ಟೊಪ್ಪಿಗೆ ಹಾಕಿದರು. ಪ್ರವೇಶಪತ್ರ ಬಂದ ದಿನ ತಾಯಿ ಅದರ ಮೇಲಿನ ಫೋಟೋ ನೋಡಿ, "ಕೂದಲ ಬಾಚ್ಕೊಳ್ಳಾರದ ಹೋಗ್ಯಾನ ನೋಡ್ರಿ," ಅಂದಳು.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದು ಮರೆತಿದ್ದೆ. ನನ್ನ ಎಣಿಕೆ ಶಾಲೆಯ ಕೊನೆಯ ದಿನಕ್ಕೆ ನಿಂತಿತ್ತು. ಪರೀಕ್ಷೆಯ ದಿನಗಳಲ್ಲಿ ತಾಯಿಯ ಬಳಿ ಯಾರು? ಮೊದಲ ಪರೀಕ್ಷೆಯ ಹಿಂದಿನ ಸಂಜೆ ಅಥಣಿಯ ಬಸ್ ನಿಲ್ದಾಣದಲ್ಲಿ ಇದು ಹೊಳೆಯಿತು. ಗಿರಣಿಯಾಕೆಗೆ ಫೋನು ಹಚ್ಚಿದೆ.

"ನಾಳಿ ಯಾರರ ಸಿಗ್ತಾರೇನವಾ?"

"ಸಿಗೂದೇನ? ನಾಳಿ ನಂದ ಪಾಳಿ. ನಾಡದ್ದು ಆಯಿದು."

"ಪಟ್ಟಿ ಮುಗದಿತ್ತಲ್ಲ."

"ಪಟ್ಟಿ ನಿಮ್ಮದು ಮುಗದಿರಬಹುದು ಅಕ್ಕಾರ. ಪಾಳಿ ನಿಲ್ಲಸ್ರಿ ಅಂತ ಯಾರ ಹೇಳ್ಯಾರ?"

ಕೊನೆಯ ಪರೀಕ್ಷೆಯ ದಿನ ನಾನು ಶಿರಗುಪ್ಪಿಯಲ್ಲೇ ಇದ್ದೆ. ಪರೀಕ್ಷೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಎರಡಾಯಿತು, ಮೂರಾಯಿತು, ಹುಡುಗನಿಲ್ಲ. ಅಜ್ಜಿ ಎರಡು ಸಲ ತಾಯಿಯ ಮಗ್ಗು­ಲು ಬದಲಿಸಿದಳು. ತಾಯಿ ಒಂದೊಂದು ಟಾಕಿಗೂ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವನು ಬಂದ, ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಸತ್ತಿದ್ದಿ ಇಷ್ಟೊತ್ತನಕ?" ಅಂದಳು ತಾಯಿ.

"ಗೆಳ್ಯಾರ ಕೂಡ ಹೊಳಿಗಿ ಹೋಗಿದ್ನಿ. ಈಸಾಕ."

"ಹೇಳಿ ಹೋಗಾಕ ಏನ ಧಾಡಿ ಆಗಿತ್ತು? ಬಾಯಾಗ ನಾಲಿಗಿ ಇರ್ಲಿಲ್ಲೇನು?"

"ಬಿಡ, ಹುಡುಗ ಐತಿ," ಎಂದು ಅಜ್ಜಿ ನಡುವೆ ಬಂದಳು.

"ನೀ ಸುಮ್ನಿರ ಅತ್ತಿ. ನನ್ನ ಮಗಗ ನಾ ಬೈತೀನಿ."

ಮುಂದೆ ಇನ್ನೂ ಬಹಳ ಬೈದಳು. ಹುಡುಗ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ. ಅವನಿಗೆ ಬೈಸಿಕೊಂಡು ಅಭ್ಯಾಸವೇ ತಪ್ಪಿತ್ತು; ಮುಖ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಒಮ್ಮೆ ನನ್ನ ಕಡೆ ನೋಡಿದ. ನಾನು ನನಗೇನೂ ಸಂಬಂಧವಿಲ್ಲದಂತೆ ಬೇರೆ ಕಡೆ ನೋಡಿದೆ. ತಾಯಿ ಉಸಿರು ತೆಗೆದುಕೊಳ್ಳಲು ನಿಂತಾಗ ಅವನು ಮೆಲ್ಲಗೆ ಕೇಳಿದ:

"ಊಟಕ್ಕ ಏನ ಐತಿ?"